ಶೋರೂಮು ಹುಬ್ಬಳ್ಳಿಯಲ್ಲಿರಲಿ, ದೂರು ಗದಗಿನಲ್ಲೇ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಮನೆಯೊಂದರ ಮುಂದೆ ಹೊಸ ಗಾಡಿ ಬಂದು ನಿಂತಿದೆ ಎಂದರೆ ಎರಡು ಮೂರು ಸುಗ್ಗಿಯ ಹೆಸರು, ಈರುಳ್ಳಿ, ಕಡಲೆ, ಹತ್ತಿಯ ದುಡ್ಡು ಅದರಲ್ಲಿ ಸೇರಿರುತ್ತದೆ. ಮಿಕ್ಕಿದ್ದು ಬ್ಯಾಂಕಿನದೋ ಫೈನಾನ್ಸಿನದೋ ಸಾಲ. ಹೊಲ, ಮನೆ ಬಿಟ್ಟರೆ ಇಲ್ಲಿನ ಕುಟುಂಬವೊಂದು ಮಾಡುವ ಅತಿ ದೊಡ್ಡ ಖರೀದಿ ಇದೇ. ಇಷ್ಟಾಗಿಯೂ ಗಿರಾಕಿಗೆ ಸಿಗುವ ಮರ್ಯಾದೆ ಬಹಳ ಸಲ ದುಡ್ಡು ಕಟ್ಟಿದ ದಿನಕ್ಕೇ ಮುಗಿದುಹೋಗುತ್ತದೆ. ಬೈಕು, ಟ್ರ್ಯಾಕ್ಟರುಗಳನ್ನು ತಾಲ್ಲೂಕು ಕೇಂದ್ರದಲ್ಲೇ ಕೊಳ್ಳಬಹುದಾದರೂ ಕಾರಿಗೆ ಸಾಮಾನ್ಯವಾಗಿ ಗದಗಿಗೋ ಹುಬ್ಬಳ್ಳಿಗೋ ಹೋಗಬೇಕು. ನರಗುಂದದಿಂದ ಹುಬ್ಬಳ್ಳಿ ಸುಮಾರು 55 ಕಿಲೊಮೀಟರ್. ಗಜೇಂದ್ರಗಡದವರಿಗೆ ಗದಗವೇ ಹೆಚ್ಚೂಕಡಿಮೆ ಅಷ್ಟು ದೂರ, ಹುಬ್ಬಳ್ಳಿ ಅದರ ಎರಡರಷ್ಟು. ಗಾಡಿಯಲ್ಲಿ ಸದ್ದು ಬಂತು, ಎ.ಸಿ. ಕೆಲಸ ಮಾಡಲಿಲ್ಲ, ನಂಬರ್ ಪ್ಲೇಟು ಬರಲಿಲ್ಲ ಎಂದು ಒಂದು ದಿನದ ಕೆಲಸ ಬಿಟ್ಟು ಅಷ್ಟು ದೂರ ಹೋದವರಿಗೆ ಸಿಗುವ ಉತ್ತರ ‘ಪಾರ್ಟ್ ಬಂದಿಲ್ರಿ, ಮುಂದಿನ ವಾರ ಬರ್ರಿ’ ಎಂಬುದು. ಮುಂದಿನ ವಾರವೂ ಅದೇ ಮಾತು. ಮೂರನೆಯ ಸಲ ಹೋಗುವ ಉಮೇದು ಹೆಚ್ಚಿನವರಿಗೆ ಉಳಿದಿರುವುದಿಲ್ಲ.

ಇದಕ್ಕೆ ಕಾರಣ ಕೇಳಿದರೆ ಸಿಬ್ಬಂದಿಯ ಸೊಕ್ಕು ಎನ್ನುವವರೇ ಜಾಸ್ತಿ. ಆದರೆ ಅದೇ ಸಿಬ್ಬಂದಿ ಬುಕಿಂಗ್ ದಿನ ಚಹಾ ತರಿಸಿ ಕೊಟ್ಟಿರುತ್ತಾರೆ. ಮನುಷ್ಯರು ಬದಲಾಗಿರುವುದಿಲ್ಲ, ಗಿರಾಕಿಯ ಕೈಯಲ್ಲಿದ್ದ ಬಲ ಬದಲಾಗಿರುತ್ತದೆ. ದುಡ್ಡು ಕಟ್ಟುವ ತನಕ ಆತ ಎದ್ದು ಇನ್ನೊಂದು ಶೋರೂಮಿಗೆ ಹೋಗಬಲ್ಲ. ಕಟ್ಟಿದ ಮೇಲೆ ಉಳಿಯುವ ಬಲ ಎರಡೇ: ಬರವಣಿಗೆಯಲ್ಲಿರುವ ಮಾತು ಮತ್ತು ಆ ಬರವಣಿಗೆಯನ್ನು ಇಟ್ಟುಕೊಂಡು ಹೋಗಬಹುದಾದ ಒಂದು ಬಾಗಿಲು. ನಮ್ಮ ಭಾಗದ ವ್ಯವಹಾರ ಇವತ್ತಿಗೂ ಬಾಯಿಮಾತಿನ ಮೇಲೆ ನಡೆಯುತ್ತದೆ. ರಿಯಾಯಿತಿ, ಸೀಟ್ ಕವರು, ಡೆಲಿವರಿ ತಾರೀಖು ಎಲ್ಲವೂ ‘ಆಮ್ಯಾಲೆ ಮಾಡಿ ಕೊಡ್ತೀವ್ರಿ’ ಎಂಬ ಭರವಸೆಯಲ್ಲೇ ನಿಲ್ಲುತ್ತವೆ. ಮಾತು ಕೊಟ್ಟ ಹುಡುಗ ನಾಲ್ಕು ತಿಂಗಳಲ್ಲಿ ಬೇರೆ ಕಂಪನಿಗೆ ಹೋಗಿರುತ್ತಾನೆ. ಹಾಗಾಗಿ ಕೆಟ್ಟ ಸೇವೆಗೆ ಮದ್ದು ಶೋರೂಮಿನ ಕೌಂಟರಿನಲ್ಲಿ ದನಿ ಏರಿಸುವುದರಲ್ಲಿಲ್ಲ. ಖರೀದಿಯ ಮೊದಲ ದಿನದಿಂದ ಪ್ರತಿ ಹಂತವನ್ನೂ ಕಾಗದಕ್ಕೆ ಇಳಿಸುವುದರಲ್ಲಿದೆ. ಆ ಕಾಗದ ಹಿಡಿದು ಹೋಗುವ ಬಾಗಿಲನ್ನು ಕಾನೂನು ಈಗ ನಮ್ಮ ಜಿಲ್ಲೆಗೇ ತಂದು ನಿಲ್ಲಿಸಿದೆ.

ದರಪಟ್ಟಿಯ ಒಳಗೆ

ಶುರುವಾಗಬೇಕಾದದ್ದು ‘ಆನ್‌ರೋಡ್ ಬೆಲೆ’ ಎಂಬ ಇಡುಗಂಟಿನಿಂದ. ಅದರೊಳಗೆ ಎಕ್ಸ್‌ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ ಇರುತ್ತವೆ. ಇವುಗಳ ಜೊತೆಗೆ ಡೀಲರ್ ತಾನಾಗಿ ಸೇರಿಸಿದ ಬಾಬತ್ತುಗಳೂ ಇರುತ್ತವೆ. ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನ ದರಗಳಲ್ಲೊಂದು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಗೆ ತಕ್ಕಂತೆ ಮೂಲ ದರವೇ ಶೇ 13ರಿಂದ ಶೇ 18ರವರೆಗೆ ಇದೆ, ಅದರ ಮೇಲೆ ಸೆಸ್ ಬೇರೆ. ಮೊತ್ತ ದೊಡ್ಡದಾದ್ದರಿಂದ ಅದರ ನೆರಳಿನಲ್ಲಿ ಸಣ್ಣ ಬಾಬತ್ತುಗಳು ಕಣ್ಣಿಗೆ ಬೀಳುವುದಿಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿ ಶುಲ್ಕ 600 ರೂಪಾಯಿ, ಸಾಲದ ನಮೂದಿಗೆ 1,500 ರೂಪಾಯಿ. ಇವು ಸರ್ಕಾರಕ್ಕೆ ಹೋಗುವ ಹಣ. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಲಾಜಿಸ್ಟಿಕ್ಸ್’ ಎಂದು ಸೇರಿಸುವ ಸಾವಿರಗಳು ಸರ್ಕಾರದ ಯಾವ ಶುಲ್ಕಪಟ್ಟಿಯಲ್ಲೂ ಇಲ್ಲ. ವಿಮೆಯನ್ನು ಡೀಲರ್ ಹತ್ತಿರವೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ. 2017ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಡೀಲರ್ ವಿಮೆ ಮಾರಬಹುದು, ತನ್ನಲ್ಲೇ ಕೊಳ್ಳಲು ಒತ್ತಾಯಿಸುವಂತಿಲ್ಲ. ಹತ್ತು ಲಕ್ಷ ದಾಟಿದ ಕಾರಿಗೆ ಹಿಡಿಯುವ ಶೇ 1ರ ಟಿಸಿಎಸ್ (ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಖರ್ಚಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಇಷ್ಟು ತಿಳಿಯಲು ಲೆಕ್ಕಪರಿಶೋಧಕನಾಗಬೇಕಿಲ್ಲ. ಪ್ರತಿ ಬಾಬತ್ತನ್ನೂ ಬಿಡಿಸಿ ಬರೆದ, ಸೀಲು ಹಾಕಿದ ದರಪಟ್ಟಿ ಕೇಳಿ ಪಡೆದರೆ ಸಾಕು. ಅದರಲ್ಲೇ ಡೆಲಿವರಿ ತಾರೀಖು, ಉಚಿತವಾಗಿ ಕೊಡುವ ಸಾಮಾನು, ಬುಕಿಂಗ್ ರದ್ದಾದರೆ ಮುಂಗಡ ಎಷ್ಟು ದಿನದಲ್ಲಿ ವಾಪಸು ಎಂಬುದನ್ನೂ ಬರೆಸಬೇಕು. ತಾಲ್ಲೂಕಿನ ಸಬ್‌ಡೀಲರ್ ಮೂಲಕ ಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಇನ್‌ವಾಯ್ಸ್ ಯಾವ ಸಂಸ್ಥೆಯ ಹೆಸರಿನಲ್ಲಿ ಬರುತ್ತದೋ ದುಡ್ಡು ಅದೇ ಸಂಸ್ಥೆಯ ಖಾತೆಗೆ ಹೋಗಬೇಕು. ಪರಿಚಯದವರ ಕೈಗೆ ನಗದು ಕೊಟ್ಟು ರಸೀದಿ ಬಿಟ್ಟುಬಂದರೆ ಮುಂದೆ ಇಬ್ಬರೂ ‘ನಮಗೆ ಸಂಬಂಧವಿಲ್ಲ’ ಎನ್ನುತ್ತಾರೆ.

ಎರಡನೆಯ ಹಂತ ಡೆಲಿವರಿ. 2024ರ ದಸರಾ, ದೀಪಾವಳಿ ಹೊತ್ತಿಗೆ ದೇಶದ ಡೀಲರುಗಳ ಅಂಗಳದಲ್ಲಿ 80ರಿಂದ 85 ದಿನಗಳ ಮಾರಾಟಕ್ಕೆ ಸಾಲುವಷ್ಟು ಕಾರುಗಳು ನಿಂತಿವೆ ಎಂದು ಅವರದೇ ಒಕ್ಕೂಟ ಹೇಳಿತ್ತು. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತ ಗಾಡಿಯೂ ಹೊಸ ಗಾಡಿಯ ಬೆಲೆಗೇ ಮಾರಾಟವಾಗುತ್ತದೆ. ಅದು ಯಾವಾಗ ತಯಾರಾಯಿತು ಎಂಬುದನ್ನು ಫಾರಂ 21 ಹೇಳುತ್ತದೆ. ಡೀಲರ್ ಕೊಡಲೇಬೇಕಾದ ಈ ಮಾರಾಟ ಪ್ರಮಾಣಪತ್ರದಲ್ಲಿ ಚಾಸಿ ನಂಬರು, ಎಂಜಿನ್ ನಂಬರಿನ ಜೊತೆಗೆ ತಯಾರಾದ ತಿಂಗಳು, ವರ್ಷ ಇರುತ್ತವೆ. ಕಾಗದವನ್ನು ಗಾಡಿಯ ಮೇಲೆ ಕೊರೆದ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಟೈರಿನ ಪಕ್ಕದಲ್ಲಿ ಒಂದು ಸಣ್ಣ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಎಂದಿದ್ದರೆ ಅದು 2024ನೇ ವರ್ಷದ 23ನೇ ವಾರದಲ್ಲಿ ತಯಾರಾದ ಟೈರು. ನಾಲ್ಕು ಚಕ್ರ ಮತ್ತು ಸ್ಟೆಪ್ನಿಯ ಅಂಕಿಗಳ ನಡುವೆ ವರ್ಷಗಟ್ಟಲೆ ಅಂತರವಿದ್ದರೆ, ಮೀಟರಿನಲ್ಲಿ ನೂರಾರು ಕಿಲೊಮೀಟರ್ ಓಡಿದ್ದು ಕಂಡರೆ, ಬಾಗಿಲಿನ ಬುಡದಲ್ಲಿ ತುಕ್ಕು ಇದ್ದರೆ ಸಹಿ ಹಾಕಬಾರದು. ಇದು ಅತಿ ಅನುಮಾನವಲ್ಲ. ಗೋವಾದ ಗ್ರಾಹಕರೊಬ್ಬರು 2011ರಲ್ಲಿ ಹೊಸ ಕಾರಿಗೆ ದುಡ್ಡು ಕೊಟ್ಟಾಗ ಅವರ ಪಾಲಿಗೆ ಬಂದದ್ದು 2009ರಲ್ಲಿ ತಯಾರಾಗಿ ಅದಾಗಲೇ ಓಡಾಡಿದ್ದ ಕಾರು. ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ನಂಬರ್ ಪ್ಲೇಟಿನ ವಿಳಂಬ ನಮ್ಮ ಕಡೆ ದಿನನಿತ್ಯದ ದೂರು. ‘ಆರ್‌ಟಿಒದಿಂದ ಬಂದಿಲ್ರಿ’ ಎಂದು ಗಿರಾಕಿಯನ್ನು ಸಾಗಹಾಕುವುದು ರೂಢಿ. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಣಿಯಾಗುವ ಹೊಸ ಗಾಡಿಗೆ ಅರ್ಜಿ ಹಾಕುವುದು ಡೀಲರನದೇ ಕೆಲಸ. ನೋಂದಣಿ ಸಂಖ್ಯೆ ಗಾಡಿಯ ಮೇಲೆ ಕಾಣುವ ತನಕ ಅದನ್ನು ಮಾಲೀಕನಿಗೆ ಒಪ್ಪಿಸುವಂತಿಲ್ಲ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಕಂಪನಿಯೇ ಡೀಲರ್ ಮೂಲಕ ಒದಗಿಸಬೇಕು. ಆದ್ದರಿಂದ ಕೆಎ 26ರ ಪ್ಲೇಟು ಇಲ್ಲದೆ ಗಾಡಿ ತಂದು ದಾರಿಯಲ್ಲಿ ದಂಡ ಕಟ್ಟಿದವರು ಅದನ್ನು ತಮ್ಮ ಹಣೆಬರಹ ಎಂದುಕೊಳ್ಳಬೇಕಿಲ್ಲ. ಗಾಡಿ ಒಪ್ಪಿಸಿದ ತಾರೀಖಿನ ಚೀಟಿ ಮತ್ತು ದಂಡದ ರಸೀದಿ ಇದ್ದರೆ ಡೀಲರನ ಲೋಪಕ್ಕೆ ಅವೇ ಸಾಕ್ಷಿ.

ಮೂರನೆಯದು ಸರ್ವಿಸ್. ಇಲ್ಲಿ ಗಿರಾಕಿ ಸೋಲುವುದು ಜಾಬ್ ಕಾರ್ಡ್ ಎಂಬ ಒಂದು ಹಾಳೆಯಲ್ಲಿ. ಗಾಡಿ ಒಳಗೆ ಹೋಗುವಾಗ ಸರ್ವಿಸ್ ಅಡ್ವೈಸರ್ ಅದರಲ್ಲಿ ಇಂಗ್ಲಿಷಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆದು ಸಹಿಗೆ ಚಾಚುತ್ತಾನೆ. ಗಿರಾಕಿ ಹೇಳಿದ್ದು ‘ಮೂರನೇ ಗೇರಿನ್ಯಾಗ ಕಟಕಟ ಅಂತೈತಿ, ಇಳಿಜಾರಿನ್ಯಾಗ ಬ್ರೇಕ್ ಹಿಡಿದ್ರ ಎಡಕ್ಕ ಎಳೀತೈತಿ’ ಎಂದು. ಈ ಎರಡು ಮಾತು ಹಾಳೆಯ ಮೇಲೆ ಇರದಿದ್ದರೆ ಕಾನೂನಿನ ಕಣ್ಣಿಗೆ ಅವು ಹೇಳಿದಂತೆಯೇ ಅಲ್ಲ. ವಾರಂಟಿ ಮುಗಿದ ಮರುತಿಂಗಳು ಗೇರ್‌ಬಾಕ್ಸ್ ಕೈಕೊಟ್ಟಾಗ ‘ಮೊದಲು ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ದೋಷವನ್ನು ನಮ್ಮ ಮಾತಿನಲ್ಲೇ, ಕನ್ನಡದಲ್ಲೇ ಬರೆಸಬೇಕು, ಬೇಕಾದರೆ ನಾವೇ ಬರೆದು ಸಹಿ ಹಾಕಬೇಕು. ಓಡಿದ ಕಿಲೊಮೀಟರ್, ಅಂದಾಜು ಖರ್ಚು, ಗಾಡಿ ವಾಪಸು ಕೊಡುವ ದಿನ ಅದರಲ್ಲಿರಬೇಕು. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಲು ಕೇಳಬೇಕು. ಹೊರಡುವ ಮುನ್ನ ಹಾಳೆಯ ಪ್ರತಿ ಪಡೆಯಬೇಕು, ಕೊನೆಗೆ ಮೊಬೈಲಿನಲ್ಲಿ ಒಂದು ಫೋಟೊವಾದರೂ ಇರಬೇಕು. ಒಂದೇ ದೋಷಕ್ಕೆ ಮೂರು ಸಲ ಹೋದ ಮೂರು ಜಾಬ್ ಕಾರ್ಡುಗಳು ಮೂವತ್ತು ಫೋನ್ ಕರೆಗಳಿಗಿಂತ ತೂಕದವು.

ನಮ್ಮೂರಿನ ಹತ್ತಿರ ಬಂದ ಬಾಗಿಲು

ಇನ್ನು ಬಾಗಿಲಿನ ಮಾತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಬೇಕಾದದ್ದು ಮಾರಿದವನ ಕಚೇರಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ. ಹುಬ್ಬಳ್ಳಿಯಲ್ಲಿ ಕಾರು ಕೊಂಡ ನರಗುಂದದವರು ಧಾರವಾಡಕ್ಕೇ ಅಲೆಯಬೇಕಿತ್ತು. ಬೆಂಗಳೂರಿನಲ್ಲಿ ಕೊಂಡವರ ಪಾಡು ಹೇಳುವುದೇ ಬೇಡ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆ ಇದನ್ನು ಬದಲಿಸಿತು. ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು ಎಂದಿತು. ರೋಣ, ನರಗುಂದ, ಗಜೇಂದ್ರಗಡದವರಿಗೆ ಅದು ಗದಗಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಈಗ ಅಲೆಯಬೇಕಾದವನು ಡೀಲರ್. ಈ ಒಂದು ಬದಲಾವಣೆ ನಮ್ಮಂಥ ದೂರದ ತಾಲ್ಲೂಕುಗಳಿಗೆ ಎಷ್ಟು ದೊಡ್ಡದೆಂಬುದು ಇನ್ನೂ ಸಾಕಷ್ಟು ಜನರನ್ನು ತಲುಪಿಲ್ಲ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಐದರಿಂದ ಹತ್ತು ಲಕ್ಷಕ್ಕೆ 200 ರೂಪಾಯಿ, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ 400 ರೂಪಾಯಿ. ಐವತ್ತು ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ವಕೀಲರು ಬೇಕೇ ಬೇಕು ಎಂದಿಲ್ಲ, ದೂರುದಾರ ತಾನೇ ವಾದಿಸಬಹುದು. ಕೇಂದ್ರ ಸರ್ಕಾರದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೋರಬಹುದು. ಮರೆಯಬಾರದ ಗಡುವು ಒಂದೇ: ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷ.

ಬಾಗಿಲು ಹತ್ತಿರವಾದ ಮಾತ್ರಕ್ಕೆ ಕೇಳಿದ್ದೆಲ್ಲ ಸಿಗುವುದಿಲ್ಲ. ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ನ್ಯಾಯಾಲಯಗಳು ಸ್ಪಷ್ಟಪಡಿಸಿವೆ. ಭಾಗವೊಂದು ಕೆಟ್ಟರೆ ಇಡೀ ಕಾರು ಬದಲಿಸಿ ಕೊಡಬೇಕೆಂಬ ಬೇಡಿಕೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ವಾರಂಟಿಯಲ್ಲಿ ಭಾಗ ಬದಲಿಸುವ ಭರವಸೆಯಷ್ಟೇ ಇದ್ದರೆ ಪರಿಹಾರವೂ ಅಷ್ಟಕ್ಕೇ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಮಾರುತಿ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ದೋಷ ಜೀವಕ್ಕೆ ಸಂಚಕಾರ ತರುವಂಥದ್ದಾದಾಗ ಅದೇ ಕೋರ್ಟು ಬೇರೆ ದಾರಿ ಹಿಡಿದದ್ದೂ ಉಂಟು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಹುಂಡೈ ಕಾರಿನ ಪ್ರಕರಣದಲ್ಲಿ ಗ್ರಾಹಕನಿಗೆ ಪರಿಹಾರ ಮತ್ತು ಬದಲಿ ಕಾರು ಕೊಡಬೇಕೆಂಬ ಆದೇಶವನ್ನು 2022ರಲ್ಲಿ ಎತ್ತಿಹಿಡಿಯಿತು. ಮೇಲೆ ಹೇಳಿದ ಗೋವಾ ಪ್ರಕರಣದಲ್ಲಿ 2021ರ ತೀರ್ಪು ಇನ್ನೊಂದು ಪಾಠ ಕಲಿಸುತ್ತದೆ. ಡೀಲರ್ ಮತ್ತು ಕಂಪನಿ ಸ್ವತಂತ್ರ ವ್ಯಾಪಾರಿಗಳಂತೆ ವ್ಯವಹರಿಸುತ್ತಿದ್ದರೆ, ಡೀಲರ್ ಮಾಡಿದ ಮೋಸಕ್ಕೆ ಕಂಪನಿಯನ್ನು ಹೊಣೆ ಮಾಡಲು ಕಂಪನಿಗೆ ಅದು ಗೊತ್ತಿತ್ತೆಂದು ತೋರಿಸಬೇಕು. ಆ ಪ್ರಕರಣದಲ್ಲಿ ಕಂಪನಿ ಪಾರಾಯಿತು, ಡೀಲರನ ಹೊಣೆ ಉಳಿಯಿತು. ಅಂದರೆ ಡೀಲರಿಗೆ ಬರೆದ ಪ್ರತಿ ಪತ್ರದ ನಕಲನ್ನು ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳಿಸುವುದು ಜಾಣತನ. ಆಮೇಲೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲು ಅವರಿಗೆ ಜಾಗ ಉಳಿಯುವುದಿಲ್ಲ.

ಎದುರಾಗುವ ಪ್ರಶ್ನೆಗಳು

‘ನಮ್ದು ಬಾಡಿಗಿ ಗಾಡಿ, ನಮಗ ಈ ಕಾನೂನು ಬರಂಗಿಲ್ಲ’ ಎಂಬುದು ಟಂಟಂ, ಪಿಕಪ್ ಓಡಿಸುವವರ ಮಾತು. ಡೀಲರುಗಳ ವಕೀಲರು ಮೊದಲು ಎತ್ತುವ ಆಕ್ಷೇಪವೂ ಇದೇ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುವುದು ನಿಜ. ಅದೇ ಕಾಯ್ದೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ಆ ನಿರ್ಬಂಧದಿಂದ ಹೊರಗಿಟ್ಟಿದೆ. 1995ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸುತ್ತ ತಾನೇ ಓಡಿಸಲು ಟ್ಯಾಕ್ಸಿ ಕೊಂಡವನ ಉದಾಹರಣೆಯನ್ನೇ ಕೊಟ್ಟಿದೆ. ಹತ್ತು ಲಾರಿ ಇಟ್ಟು ಚಾಲಕರನ್ನು ನೇಮಿಸಿಕೊಂಡವರ ಮಾತು ಬೇರೆ, ತಾನೇ ಸ್ಟಿಯರಿಂಗ್ ಹಿಡಿದು ಗಜೇಂದ್ರಗಡದ ಸಂತೆಗೆ ಸಾಮಾನು ಸಾಗಿಸುವವನ ಮಾತು ಬೇರೆ. ಬೀಜ ಕೊಂಡು ನಷ್ಟವಾದ ರೈತರೂ ಗ್ರಾಹಕರೇ ಎಂದು 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಸ್ವಂತ ಹೊಲ ಉಳಲು ಟ್ರ್ಯಾಕ್ಟರ್ ಕೊಂಡ ರೈತನಿಗೂ ಈ ತರ್ಕ ಹೊಂದುತ್ತದೆ. ಆದ್ದರಿಂದ ದೂರಿನ ಮೊದಲ ಪುಟದಲ್ಲೇ ಗಾಡಿ ಜೀವನೋಪಾಯಕ್ಕೆ, ಓಡಿಸುವವನು ನಾನೇ ಎಂದು ಬರೆಯಬೇಕು.

‘ಕೋರ್ಟು ಕಚೇರಿ ಅಲೆಯೋದು ಯಾರಿಗೆ ಬೇಕು’ ಎಂಬ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುವುದುಂಟು. ತಾಂತ್ರಿಕ ಪರೀಕ್ಷೆಯ ಖರ್ಚನ್ನು ದೂರುದಾರ ಮೊದಲು ಕಟ್ಟಬೇಕಾಗಬಹುದು. ಆದರೆ ಆಯೋಗ ಕೊನೆಯ ಮೆಟ್ಟಿಲು. ಅದಕ್ಕೂ ಮೊದಲಿನ ಮೆಟ್ಟಿಲುಗಳಲ್ಲೇ ಸಾಕಷ್ಟು ವ್ಯಾಜ್ಯ ಮುಗಿಯಬಲ್ಲದು. ಮೊದಲು ಸರ್ವಿಸ್ ಮ್ಯಾನೇಜರಿಗೆ ಇ-ಮೇಲ್, ಅನಂತರ ಹದಿನೈದು ದಿನದ ಗಡುವು ಹಾಕಿ ಡೀಲರಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆಯೋಗಕ್ಕೆ ಹೋದ ಮೇಲೂ ರಾಜಿ ಸಂಧಾನಕ್ಕೆ ಅವಕಾಶವಿದೆ. ಗೆದ್ದ ಮೇಲೆ ಡೀಲರ್ ಮೇಲ್ಮನವಿ ಹೋಗಬೇಕೆಂದರೆ ಆದೇಶದ ಅರ್ಧ ಹಣ ಮೊದಲು ಠೇವಣಿ ಇಡಬೇಕು. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಕಾಗದ ಗಟ್ಟಿಯಿದ್ದವನ ಎದುರು ಕೇಸು ಎಳೆಯುವುದು ಡೀಲರಿಗೂ ದುಬಾರಿ. ಪತ್ರದ ಮಟ್ಟದಲ್ಲೇ ರಾಜಿಗೆ ಬರಲು ಆತನಿಗಿರುವ ಕಾರಣ ಅದೇ.

ಮೂರನೆಯ ಆಕ್ಷೇಪ ಭಯದ್ದು. ಸುತ್ತಮುತ್ತ ಆ ಕಂಪನಿಗೆ ಇರುವವನು ಒಬ್ಬನೇ ಡೀಲರ್, ವೈರ ಕಟ್ಟಿಕೊಂಡರೆ ಮುಂದಿನ ಸರ್ವಿಸ್ ಹೇಗೆ? ಸಬ್‌ಡೀಲರ್ ನಮ್ಮೂರವನೇ, ಜಾತ್ರೆಯಲ್ಲಿ ಮುಖ ನೋಡಬೇಕಲ್ಲ? ಇದು ಸಣ್ಣ ಊರಿನ ನಿಜವಾದ ಸಂಕಟ. ಡೀಲರನ ಕಡೆಗೂ ಒಂದು ನ್ಯಾಯವಿದೆ. ಬಿಡಿಭಾಗ ಕಳಿಸಬೇಕಾದದ್ದು ಕಂಪನಿ, ಬೇಡದ ಗಾಡಿಗಳನ್ನು ಅವನ ಅಂಗಳಕ್ಕೆ ತುಂಬುವುದೂ ಕಂಪನಿ. ಇದನ್ನೆಲ್ಲ ಒಪ್ಪಿಯೂ, ಬರೆದು ಕೇಳುವುದು ಜಗಳವಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಕೌಂಟರಿನ ಮುಂದಿನ ಕೂಗಾಟದಲ್ಲಿ ಸಂಬಂಧ ಕೆಡುತ್ತದೆ, ತಾರೀಖು, ಕಿಲೊಮೀಟರ್, ದೋಷ ಮಾತ್ರ ಬರೆದ ಮರ್ಯಾದೆಯ ಪತ್ರದಲ್ಲಿ ಕೆಡುವುದಿಲ್ಲ. ಬಿಡಿಭಾಗವೇ ಬಂದಿಲ್ಲವೆಂದಾದರೆ ಆ ಪತ್ರ ಡೀಲರಿಗೂ ಕಂಪನಿಯ ಎದುರು ಆಧಾರವಾಗುತ್ತದೆ. ಒಬ್ಬನೇ ಡೀಲರ್ ಎಂಬ ಅವಲಂಬನೆ ತಾನಾಗಿ ಬಂದದ್ದಲ್ಲ ಎಂಬುದೂ ನೆನಪಿರಬೇಕು. ಬಿಡಿಭಾಗ, ರಿಪೇರಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಹೋದವು. ಆದರೂ ರೋಣದ, ನರಗುಂದದ ಗ್ಯಾರೇಜಿನ ಮಿಸ್ತ್ರಿಗೆ ಅಸಲಿ ಭಾಗ ಸಿಗಬೇಕೆಂಬ ಹಕ್ಕಿನ ಮಾತು ಅಲ್ಲಿಂದ ಬಲಗೊಂಡಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಜಾಲತಾಣ ತೆರೆದದ್ದು ಅದೇ ದಿಕ್ಕಿನ ಹೆಜ್ಜೆ.

ಕೊನೆಗೂ ಒಬ್ಬೊಬ್ಬರೇ ಕಾಗದ ಹಿಡಿದು ನಿಲ್ಲುವುದಕ್ಕೆ ಒಂದು ಮಿತಿ ಇದ್ದೇ ಇದೆ. ಗದಗ ಜಿಲ್ಲೆಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಸಾಲ ಕೊಡುವವನ ಎದುರು ಒಂಟಿ ರೈತ ಸೋಲುತ್ತಾನೆಂದು ಕಂಡ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು. 1980ರ ಜುಲೈನಲ್ಲಿ ನರಗುಂದದ ರೈತರು ಕರ ನಿರಾಕರಿಸಿ ಒಟ್ಟಾಗಿ ನಿಂತದ್ದು ರಾಜ್ಯದ ರೈತ ಚಳವಳಿಗೇ ದಾರಿಯಾಯಿತು. ಗ್ರಾಹಕ ಕಾಯ್ದೆಯೂ ಒಂದೇ ಬಗೆಯ ತೊಂದರೆಗೆ ಒಳಗಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು ದಾರಿ ಬಿಟ್ಟಿದೆ. ಒಂದೇ ಶೋರೂಮು ಇಪ್ಪತ್ತು ಮಂದಿಯಿಂದ ಹ್ಯಾಂಡ್ಲಿಂಗ್ ಚಾರ್ಜ್ ಹಿಡಿದಿದ್ದರೆ ಇಪ್ಪತ್ತು ಒಂಟಿ ದೂರು ಬೇಕಿಲ್ಲ. ರೋಣ, ನರಗುಂದದ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಗಾಡಿ ಮನೆಯೊಡತಿಯ ಹೆಸರಲ್ಲಿದ್ದರೆ ಆಕೆಯೂ ಅದನ್ನು ಕೇಳಬಹುದು. ಸಹಕಾರ ಸಂಘಗಳು, ರೈತ ಸಂಘಟನೆಗಳು, ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಸೇರಿ ತಾಲ್ಲೂಕಿಗೊಂದು ಗ್ರಾಹಕ ಮೇಜು ನಡೆಸಿ, ದರಪಟ್ಟಿ ಓದಿ ಹೇಳಿದರೆ, ಪತ್ರ ಬರೆದು ಕೊಟ್ಟರೆ ಅದು ದೊಡ್ಡ ಕೆಲಸ. ಇಲ್ಲಿ ಗಾಡಿ ಮಾರುವ ಪ್ರತಿ ಡೀಲರ್ ಬಿಡಿಸಿ ಬರೆದ ದರಪಟ್ಟಿಯನ್ನೂ ಜಾಬ್ ಕಾರ್ಡನ್ನೂ ಕನ್ನಡದಲ್ಲಿ ಕೊಡಬೇಕೆಂದು ಜಿಲ್ಲಾಡಳಿತ ಸೂಚಿಸಬೇಕು. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ವ್ಯಾಪಾರ ನ್ಯಾಯವಾದ ವ್ಯಾಪಾರವಲ್ಲ. ಜಿಲ್ಲಾಡಳಿತ ಹೇಳುವ ತನಕ ಕಾಯಬೇಕಾಗಿಯೂ ಇಲ್ಲ. ಮುಂದಿನ ಸುಗ್ಗಿಯ ದುಡ್ಡು ಹಿಡಿದು ಶೋರೂಮಿನ ಮೆಟ್ಟಿಲು ಹತ್ತುವವರು ‘ಇದನ್ನ ಕನ್ನಡದಾಗ ಬರದು ಸೀಲ್ ಹಾಕಿ ಕೊಡ್ರಿ, ಆಮ್ಯಾಲೆ ರೊಕ್ಕ’ ಎಂದು ಕೇಳಿದರೆ, ಕೇಳುವವರು ಹೆಚ್ಚಿದಂತೆಲ್ಲ, ಕೊಡುವ ರೂಢಿ ತಾನಾಗಿ ಬರುತ್ತದೆ.